ಎಲಿಗಂಟ್‌ಗೊಂದು ಮುಖ ಬೇಕಾಗಿದೆ

ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ದಾವಣಗೆರೆಯ ಸರಸ್ವತಿ ನಗರದಲ್ಲಿ ಇಂಗ್ಲಿಷ್ ಮಾತು ಕಲಿಸುವ ಬಕ್ಕೇಶನದು ಒಂದೇ ಸೂತ್ರ: ಪದಕ್ಕೊಂದು ಮುಖ. ಅರ್ಥ ಬರೆಸಿದರೆ ಸಂಜೆಗೆ ಮರೆಯುತ್ತಾರೆ. ಊರಿನವರೊಬ್ಬರನ್ನು ಅಣಕಿಸಿ ತೋರಿಸಿದರೆ ಸಾಯುವ ತನಕ ಮರೆಯುವುದಿಲ್ಲ. ಸ್ಟಬರ್ನ್, ಅಂದರೆ ಹಟಮಾರಿ: ಎಷ್ಟು ಕೈ ಮಾಡಿದರೂ ಬಸ್ಸು ನಿಲ್ಲಿಸದ ಡ್ರೈವರ್ ಎರ್ರಿಸ್ವಾಮಿ. ಪಾಂಪಸ್, ಅಂದರೆ ಒಣಜಂಬ: ಕೆಳಗಿನ ಬಟ್ಟೆ ಅಂಗಡಿಯ ಉಜ್ಜನಪ್ಪನವರು. ಮೇಲೆ ಕ್ಲಾಸಿಗೆ ಜಾಗ ಕೊಟ್ಟವರೂ ಅವರೇ ಆದ್ದರಿಂದ ಈ ಪದದ ಪಾಠ ಬಾಗಿಲು ಹಾಕಿಕೊಂಡೇ ನಡೆಯುತ್ತಿತ್ತು. ಬಕ್ಕೇಶ ಹೊಟ್ಟೆ ಮುಂದೆ ಮಾಡಿ, ಹತ್ತು ಬೆರಳಿಗೂ ಉಂಗುರವಿದ್ದಂತೆ ಕೈ ಅಗಲಿಸಿ, “ನಾವಂದ್ರೆ ಏನಂತ ತಿಳ್ಕಂಡೀರಿ?” ಅಂದರೆ ಸಾಕು, ಹುಡುಗರು ಬೆಂಚು ಕುಟ್ಟುತ್ತಿದ್ದರು.

ಕುಟ್ಟಿದ್ದು ಕೆಳಗೆ ಕೇಳಿತೋ ಏನೋ, ಒಂದು ದಿನ ಉಜ್ಜನಪ್ಪನವರೇ ಮೆಟ್ಟಿಲು ಹತ್ತಿ ಬಂದರು.

“ಬಕ್ಕೇಶಪ್ಪ, ಪದಕ್ಕೆ ಮನುಷ್ಯಾರ್ನ ಇಡ್ತೀಯಂತೆ. ನನ್ನ ಯಾವುದಕ್ಕೆ ಇಟ್ಟೀಯಪ?”

ಬಕ್ಕೇಶ ಥಟ್ಟನೆ ಬಾಯಿಗೆ ಬಂದ ಪದ ಹೇಳಿಬಿಟ್ಟ. “ಎಲಿಗಂಟ್ ಅಂತ, ಸಾಹುಕಾರ್ರೇ.”

“ಹಂಗಂದ್ರೆ?”

“ನೋಡಿದ್ರೆ ಕಣ್ಣು ತಣ್ಣಗಾಗೋ ಅಂಥ ಠೀವಿ. ಒಂದು ಚೂರೂ ಹೆಚ್ಚಿರಲ್ಲ, ಕಮ್ಮೀನೂ ಇರಲ್ಲ.”

ಉಜ್ಜನಪ್ಪನವರ ಕಿವಿಗೆ ‘ಠೀವಿ’ಯಷ್ಟೇ ಬಿತ್ತು. “ಶುಕ್ರವಾರ ನಮ್ಮ ಮನೆಯವ್ರನ್ನೂ ಕರ್ಕಂಬರ್ತೀನಿ. ಹುಡುಗ್ರ ಬಾಯಾಗೇ ಕೇಳ್ಬೇಕು. ಸುಳ್ಳಾಗಿತ್ತೋ, ಕ್ಲಾಸು ಹರಿಹರದಾಗ ಹೊಳಿ ದಂಡಿಗೆ ಮಾಡ್ಕ.”

ಮೂರು ದಿನ ಬಕ್ಕೇಶ ಎಲಿಗಂಟ್‌ಗೆ ಸಾಹುಕಾರರ ಮುಖ ಕಲಿಸಿದ. ಯಾರ ತಲೆಗೂ ಹತ್ತಲಿಲ್ಲ.

“ಒಂದು ಚೂರೂ ಹೆಚ್ಚಿರಲ್ಲ ಅಂದ್ರಲ್ಲ ಸಾರ್?” ಕುಕ್ಕುವಾಡದ ದುರ್ಗಾ ಕೇಳಿದಳು. “ಅವ್ರ ಹತ್ರ ಹೆಚ್ಚಿಲ್ದಿದ್ದು ಏನೈತೆ ಹೇಳ್ರಿ. ಕೂದಲೊಂದೇ.”

“ಶುಕ್ರವಾರ ಒಂದು ದಿನ ಕಣ್ಣು ಮುಚ್ಕಂಡು ಹೇಳ್ಬಿಡಮ್ಮ ತಾಯಿ.”

ಶುಕ್ರವಾರ ಉಜ್ಜನಪ್ಪನವರಿಗಿಂತ ಮೊದಲು ಅವರ ಅತ್ತರು ಮೇಲೆ ಬಂತು. ಜರಿ ಜುಬ್ಬಾ, ಅದರ ಮೇಲೆ ಕೋಟು, ಕೋಟಿನ ಮೇಲೆ ಶಲ್ಯ, ಕ್ಲಾಸಿನೊಳಗೂ ತೆಗೆಯದ ಕಪ್ಪು ಕನ್ನಡಕ. ಹಿಂದೆ ಅವರ ಹೆಂಡತಿ ದ್ರಾಕ್ಷಾಯಣಮ್ಮ: ಬೂದು ಬಣ್ಣದ ನೂಲಿನ ಸೀರೆ, ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ. ಬಕ್ಕೇಶ ಕುರ್ಚಿ ತರಲು ಓಡುವಷ್ಟರಲ್ಲಿ ಅವರು ಬೆಂಚಿನ ಮೇಲಿದ್ದ ಬ್ಯಾಗೊಂದನ್ನು ಮೆಲ್ಲಗೆ ಸರಿಸಿ ಹುಡುಗಿಯರ ನಡುವೆ ಕೂತಾಗಿತ್ತು.

“ಎಲಿಗಂಟ್ ಅಂದ್ರೆ ಯಾರು?” ಉಜ್ಜನಪ್ಪನವರು ಎದೆಯುಬ್ಬಿಸಿದರು.

ದುರ್ಗಾ ಎದ್ದಳು. ಕಣ್ಣು ಮುಚ್ಚಲಿಲ್ಲ. “ಅಮ್ಮಾರು,” ಎಂದು ದ್ರಾಕ್ಷಾಯಣಮ್ಮನವರತ್ತ ಕೈ ತೋರಿಸಿದಳು.

“ಏನಲೇ ಬಕ್ಕೇಶ!” ಉಜ್ಜನಪ್ಪನವರ ಕನ್ನಡಕ ಮೂಗಿಗೆ ಜಾರಿತು. ಬಕ್ಕೇಶ ಆಗಲೇ ಮನಸ್ಸಿನಲ್ಲಿ ಬೆಂಚುಗಳನ್ನು ಲಗೇಜ್ ಆಟೋಗೆ ಹೇರಿ ಹೊಳೆ ದಂಡೆ ಮುಟ್ಟಿಸಿದ್ದ.

“ಕೂಡ್ರಿ,” ಅಂದರು ದ್ರಾಕ್ಷಾಯಣಮ್ಮ ಗಂಡನಿಗೆ. “ಕ್ಲಾಸು ಇಲ್ಲೇ ಇರ್ಲಿ.”

ಅಷ್ಟೇ. ಉಜ್ಜನಪ್ಪನವರು ಕೂತರು. ಆ ಕಟ್ಟಡ ಹೆಂಡತಿಯ ತವರಿನವರು ಕೊಟ್ಟದ್ದು. ಉಜ್ಜನಪ್ಪನವರು ಊರ ತುಂಬ ಹೇಳಿಕೊಳ್ಳದೆ ಉಳಿಸಿದ್ದ ವಿಷಯ ಅದೊಂದೇ.

ಸೋಮವಾರ ಬಸ್ಸಿಳಿದು ಬಂದ ಬಕ್ಕೇಶ ತಲೆಯೆತ್ತಿದ. ಅಂಗಡಿಗೆ ಹೊಸ ಬೋರ್ಡು ಬಂದಿತ್ತು: ‘ಎಲಿಗಂಟ್ ಉಜ್ಜನಪ್ಪ ಸಿಲ್ಕ್ಸ್’. ಅಕ್ಷರಕ್ಕೊಂದು ಬಣ್ಣದ ಬಲ್ಬು, ಹಗಲಲ್ಲೇ ಕಣ್ಣು ಹೊಡೆಯುತ್ತಿತ್ತು.

ಅವನು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ.

“ದುರ್ಗಾ, ಬಾಗ್ಲು ಹಾಕಮ್ಮ. ಇವತ್ತು ಪಾಂಪಸ್ ರಿವಿಜನ್ನು.”