ಬೆಚ್ಚಗಿನ ನೂಲು

ನಮ್ಮ ಅರಮನೆಯಲ್ಲಿ ನೆರಳು ಹರಿದವನ ಸಾಕ್ಷಿ ನಡೆಯುವುದಿಲ್ಲ. ಹಾಗಾಗಿಯೇ ಹರಿದ ನೆರಳು ಹೊಲಿಯುವ ನನ್ನಂಥವಳಿಗೂ ಅಲ್ಲೊಂದು ಕೋಣೆ, ಒಂದು ಸೂಜಿ, ಸತ್ತ ಕೈದಿಗಳ ನೆರಳಿನಿಂದ ತೆಗೆದ ನೂಲಿನ ಉಂಡೆ. ಆ ನೂಲು ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ.

ಅರಸರ ಓಲೆ ಬರೆಯುವ ಕರಣಿಕ ಏಳು ವರ್ಷದಿಂದ ಪ್ರತಿ ತಿಂಗಳೂ ನೆರಳು ಹರಿದುಕೊಂಡು ಬರುತ್ತಿದ್ದ. ಮಾತೆಲ್ಲ ಅಳೆದು ತೂಗಿ ಆಡುವ ಮನುಷ್ಯ.

"ಬಾಗಿಲಿಗೆ ಸಿಕ್ಕಿಕೊಳ್ತು."

"ಏಳು ವರ್ಷದಿಂದ ಅದೇ ಬಾಗಿಲಾ?"

"ಆ ಬಾಗಿಲಿಗೆ ನನ್ನ ಮೇಲೆ ಏನೋ ಹಗೆ."

ಇಬ್ಬರಿಗೂ ಗೊತ್ತಿದ್ದ ಸುಳ್ಳು. ಅಷ್ಟರಲ್ಲೇ ನಮ್ಮ ಸಂಸಾರ. ಅವನಿಗೆ ಸತ್ತವರ ನೂಲು ಹಾಕಲು ನನಗೆ ಮನಸ್ಸಾಗುತ್ತಿರಲಿಲ್ಲ. ನನ್ನದೇ ನೆರಳಿನ ಅಂಚಿನಿಂದ ಎಳೆ ಕಿತ್ತು ಹೊಲಿಯುತ್ತಿದ್ದೆ. ಕೆಲಸ ಕಲಿಸಿದ ಚಿಕ್ಕಮ್ಮ ಒಮ್ಮೆ ಅದನ್ನು ನೋಡಿ, "ಹುಚ್ಚಿ, ಕೈಯಾರೆ ಕೊರಳಿಗೆ ಉರುಳು ಹಾಕ್ಕೋತಿದೀಯ" ಎಂದಿದ್ದಳು. ಚಿಕ್ಕಮ್ಮನಿಗೆ ಎಲ್ಲದರಲ್ಲೂ ಕೇಡೇ ಕಾಣುತ್ತದೆಂದು ನಾನು ನಕ್ಕಿದ್ದೆ.

ಅರಸ ತೀರಿಕೊಂಡ. ಸಾಯುವ ಮುನ್ನ, ಒಂಬತ್ತು ವರ್ಷದ ಮಗಳಿಗೆ ಪಟ್ಟವೆಂದು ಕರಣಿಕನ ಕೈಯಲ್ಲಿ ಓಲೆ ಬರೆಸಿದ್ದ. ಮಂತ್ರಿ ಅದನ್ನು ಸುಟ್ಟುಹಾಕಿದ. ಪಟ್ಟ ಅವನ ಅಳಿಯನಿಗೆ ಬೇಕಿತ್ತು. ಸಾಕ್ಷಿ ನಡೆಯುವವನೆಂದರೆ ಇನ್ನು ಕರಣಿಕನೊಬ್ಬನೇ. ಅವನು ಸುಳ್ಳು ಹೇಳಿದರೆ ಮಗು ಉಳಿಯುವುದಿಲ್ಲ ಎಂಬುದು ಅಡುಗೆಮನೆಯವರಿಗೂ ಗೊತ್ತಿತ್ತು.

ಸಭೆಯ ದಿನ ಬೆಳಿಗ್ಗೆ ಅವನು ಬಂದ. ನೆರಳು ಎಲ್ಲೂ ಹರಿದಿರಲಿಲ್ಲ.

"ಮತ್ತೆ ಯಾಕೆ ಬಂದ್ರಿ?"

"ಬಾಗಿಲಿನ ನೆಪ ಇಲ್ದೆ ಒಂದ್ಸಲ ಬರೋಣ ಅನ್ನಿಸ್ತು. ನಿಜ ಹೇಳಿದ್ಮೇಲೆ ಅವ್ರು ನನ್ನನ್ನ ಬಿಡಲ್ಲ."

ಹೇಳಬೇಡಿ ಎನ್ನಲು ಬಾಯಿಗೆ ಬಂತು. ಆ ಮಗುವಿನ ಮುಖ ನೆನಪಾಗಿ ನುಂಗಿಕೊಂಡೆ. ಏಳು ವರ್ಷದಲ್ಲಿ ಮೊದಲ ಸಲ ಅವನ ಕೈ ಹಿಡಿದೆ.

ಸಭೆಯ ಅಂಗಳದ ಬಿಸಿಲಿನಲ್ಲಿ ಮಂತ್ರಿ ಪದ್ಧತಿಯಂತೆ ಸಾಕ್ಷಿಯ ನೆರಳನ್ನು ಪರೀಕ್ಷಿಸಲು ಬಗ್ಗಿದ. ಹರಕು ಹುಡುಕಿದ, ಸಿಗಲಿಲ್ಲ. ಜನರ ನಡುವೆ ನಿಂತಿದ್ದ ನನಗೆ ಹೆಮ್ಮೆಯಾಯಿತು, ಹಾಳಾದ ಹೆಮ್ಮೆ. ಆಮೇಲೆ ಅವನು ಹೊಲಿಗೆಯ ಮೇಲೆ ಬೆರಳಾಡಿಸಿದ.

"ನೂಲು ಬೆಚ್ಚಗಿದೆಯಲ್ಲ" ಎಂದ.

ತಲೆಯೆತ್ತಿ, ಅಲ್ಲಿ ನಿಂತವರ ನೆರಳುಗಳನ್ನು ಒಂದೊಂದಾಗಿ ನೋಡುತ್ತ ಬಂದ. ನನ್ನದರ ಅಂಚು ಇಲಿ ಕಡಿದ ಬಟ್ಟೆಯಂತಾಗಿತ್ತು. ಮುಚ್ಚಿಕೊಳ್ಳೋಣವೆಂದರೆ ನೆರಳಿಗೆ ಸೆರಗಿಲ್ಲ.

ಕಾವಲುಗಾರನೊಬ್ಬ ನನ್ನ ಪಕ್ಕಕ್ಕೆ ಬಂದು ಕತ್ತಿ ಹಿರಿದ. ಆ ಸದ್ದು ಕರಣಿಕನಿಗೂ ಕೇಳಿಸಿತು.

"ಹೇಳಿ ಕರಣಿಕರೇ, ಅರಸರು ಓಲೆ ಬರೆಸಿದ್ರಾ?" ಮಂತ್ರಿಯ ದನಿ ಬೆಣ್ಣೆಯಂತಿತ್ತು.

ಹೇಳಿಬಿಡಿ ಎಂದು ಕೂಗಲು ಬಾಯಿ ತೆರೆದೆ. ಕಾವಲುಗಾರನ ಅಂಗೈ ಅದನ್ನು ಮುಚ್ಚಿತು. ಕರಣಿಕ ನನ್ನನ್ನು ಬಹಳ ಹೊತ್ತು ನೋಡಿದ.

"ಇಲ್ಲ. ಏನೂ ಬರೆಸ್ಲಿಲ್ಲ."

ಅವನಿಗೆ ನನ್ನ ಮೇಲೆ ಎಷ್ಟು ಪ್ರೀತಿಯಿತ್ತೆಂದು ನನಗೆ ತಿಳಿದದ್ದು ಹೀಗೆ. ತಿಳಿಯದೇ ಹೋಗಿದ್ದರೆ ಚೆನ್ನಾಗಿತ್ತು.

ಇಬ್ಬರು ಆಳುಗಳು ಮಗುವನ್ನು ಕರೆದೊಯ್ದರು. ಹೋಗುವಾಗ ಅದು ಅವನ ಮುಂದೆ ನಿಂತು, "ಮರೆತ್ಬಿಟ್ರಾ? ನೀವು ಬರೆಯೋವಾಗ ಮಸಿ ಕುಡಿಕೆ ಹಿಡ್ಕೊಂಡಿದ್ದು ನಾನೇ ಅಲ್ವಾ?" ಎಂದು ಕೇಳಿತು.