ಕೊಪ್ಪರಿಗೆಯಲ್ಲಿ ಅಳತೆಗಲ್ಲಿನವರೆಗೆ

ಸಂಜೆ ತರಗತಿಗಳಲ್ಲಿ ಓದಿ ಪರೀಕ್ಷೆ ಪಾಸು ಮಾಡಿಕೊಂಡ ಅನಂತರಾಮಯ್ಯ ಗೌರಿಬಿದನೂರಿನ ನೀರಾವರಿ ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿ ಹತ್ತು ತಿಂಗಳಾಗಿತ್ತು. 1958ರ ಕಾರ್ತಿಕದಲ್ಲಿ ಹೆಡ್ ಗುಮಾಸ್ತ ಪುಟ್ಟಸ್ವಾಮಯ್ಯನವರು ಅವನನ್ನು ಕರೆದು, "ಮಂಚೇನಹಳ್ಳಿ ಆಚೆ ಹೊಳೇಲಿ ಒಂದು ಅಳತೆಗಲ್ಲಿದೆ. ನೀರು ಎಷ್ಟಡಿ ನಿಂತಿದೆ, ನೋಡ್ಕೊಂಡು ಬನ್ನಿ. ಸೋಮವಾರ ಎಂಜಿನಿಯರು ಬರ್ತಾರೆ. ಅಂಕಿ ತಂದ್ರೆ ನಿಮ್ಮನ್ನ ಕಾಯಂ ಮಾಡೋ ಕಾಗದಕ್ಕೆ ರುಜು ಹಾಕಿಸ್ತೀನಿ. ತರದಿದ್ರೆ ನಾನೇನೂ ಮಾಡೋಕಾಗಲ್ಲಪ್ಪ" ಎಂದರು.

ಆ ಹೊಳೆಯಲ್ಲಿ ಬೇರೆ ವರ್ಷಗಳಲ್ಲಿ ಕಾರ್ತಿಕದ ಹೊತ್ತಿಗೆ ಮರಳು ಮಾತ್ರ ಉಳಿದಿರುತ್ತಿತ್ತು. ಆ ವರ್ಷ ಮಳೆ ಹುಯ್ದು ಎರಡೂ ದಡದ ಕಾಡಿನೊಳಕ್ಕೆ ನೀರು ನುಗ್ಗಿತ್ತು. ಶನಿವಾರ ಬೆಳಿಗ್ಗೆ ದಡಕ್ಕೆ ಬಂದ ಅನಂತರಾಮಯ್ಯನ ಮುಂದೆ ರೈತ ಆವಲಪ್ಪ ಒಂದು ಭಾರಿ ಕಬ್ಬಿಣದ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದು ನೀರಿಗೆ ಬಿಟ್ಟ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಕೊಪ್ಪರಿಗೆ.

"ದೋಣಿ ಎಲ್ಲಿ?"

"ಇದೇ, ಅಯ್ನೋರೆ."

"ಇದು ಕೊಪ್ಪರಿಗೆ ಅಲ್ವೇ?"

"ಒಲೆ ಮ್ಯಾಲಿದ್ರೆ ಕೊಪ್ಪರಿಗೆ. ಮಳೆಗಾಲದಾಗೆ ನಮ್ಮೂರೋರೆಲ್ಲ ಇದ್ರಾಗೇ ಆಚೆ ದಡಕ್ಕೆ ಹೋಗೋದು. ಮೆಟ್ಟು ಮಾತ್ರ ಇಲ್ಲೇ ಬಿಡಿ. ಊರೋರು ತಿನ್ನೋ ಬೆಲ್ಲ ಬೇಯೋ ಜಾಗ."

ಆವಲಪ್ಪನದು ದೊಡ್ಡ ಮೈ. ಅವನೊಬ್ಬನೇ ಕುಳಿತರೆ ಕೊಪ್ಪರಿಗೆ ಒಂದು ಕಡೆಗೆ ವಾಲುತ್ತದೆಂದು ಎದುರಿಗೆ ಅವನ ಹೆಂಡತಿ ಮುನಿಗಂಗಮ್ಮ ಕುಳಿತಳು. "ಮೂವತ್ತು ವರ್ಷದಿಂದ ನಾನೇ ತೂಕ ಕಣಪ್ಪ. ನಾನಿಲ್ದಿದ್ರೆ ಇವ್ರು ಎಂದೋ ಮಗುಚ್ಕೊಂಡಿರೋರು" ಎಂದಳು. "ನೀವು ನಡುಮಧ್ಯೆ ಕೂತ್ಕಳಿ. ಸೀನು ಬಂದ್ರೂ ನೆಟ್ಟಗೆ ಸೀನಿ."

ಆವಲಪ್ಪ ಉದ್ದನೆಯ ಬಿದಿರಿನ ಗಳು ಊರಿ ನೂಕಿದ. ಕೊಪ್ಪರಿಗೆ ಒಂದು ಮಾರು ಮುಂದೆ ಹೋಗಿ, ಒಂದು ಸುತ್ತು ಸುತ್ತಿತು. ಹೀಗೆ ಪ್ರತಿ ನೂಕಿಗೂ. ಒಂದೇ ಈಚಲಮರ ಅನಂತರಾಮಯ್ಯನಿಗೆ ಮೂರು ಸಲ ಎದುರಾಯಿತು. ನಾಲ್ಕನೆಯ ಸಲ ಅದಕ್ಕೆ ನಮಸ್ಕಾರ ಹೇಳಬೇಕೆನ್ನಿಸಿತು.

ಊರು ಮರೆಯಾದ ಮೇಲೆ ಹೊಳೆ ಕಿರಿದಾಯಿತು. ಹೊಂಗೆಮರಗಳು ಎರಡೂ ಕಡೆಯಿಂದ ಬಾಗಿ ತಲೆ ತಾಗಿಸಿಕೊಂಡಿದ್ದವು. ಆಮೇಲೆ ಕಾಡು ಬಿಟ್ಟುಕೊಂಡು ಆಳೆತ್ತರದ ಜೊಂಡು ಬಂತು. ಒಳಗಿಂದ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ಒಂದು ಮಿಂಚುಳ್ಳಿ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಹೋಯಿತು. ಅನಂತರಾಮಯ್ಯನ ಬಾಯಿ ತಾನಾಗಿ ತೆರೆದುಕೊಂಡಿತು. ತಕ್ಷಣ, ಸರ್ಕಾರಿ ಕೆಲಸದ ವೇಳೆಯಲ್ಲಿ ಇಷ್ಟು ಸಂತೋಷಪಡುವುದು ಸರಿಯೇ ಎಂಬ ಅಳುಕು ಹುಟ್ಟಿ, ಬಾಯಿ ಮುಚ್ಚಿಕೊಂಡ.

"ಅಗೋ, ಅಮ್ಮ" ಎಂದು ಮುನಿಗಂಗಮ್ಮ ಕೈ ಮುಗಿದಳು.

ದಡದ ಇಳಿಜಾರಿನಲ್ಲಿ, ಸೊಂಟದವರೆಗೆ ನೀರಿನಲ್ಲಿ, ಒಂದು ಕಲ್ಲು ನಿಂತಿತ್ತು. ನೀರಿನಿಂದ ಮುಡಿಯವರೆಗೆ ಅರಿಸಿನ, ಎಣ್ಣೆ, ಕುಂಕುಮ. ಮೇಲೊಂದು ಹಸಿರು ರವಿಕೆ ಕಣ.

"ಇದು ಅಳತೆಗಲ್ಲು!" ಅನಂತರಾಮಯ್ಯನ ಸ್ವರ ಕೀರಲಾಯಿತು. "ಇದರ ಮೇಲೆ ಅಡಿ, ಅಂಗುಲ ಕೆತ್ತಿರ್ತಾರೆ. ಸ್ವಲ್ಪ ಒರೆಸ್ತೀನಮ್ಮ."

"ಗಂಗಮ್ಮನ ಮೈ ಒರೆಸ್ತೀರಾ? ಹೆಣ್ಣುದೇವ್ರು ಸ್ವಾಮಿ, ಕೈ ತೆಗೀರಿ!" ಎಂದು ಮುನಿಗಂಗಮ್ಮ ಗದರಿದಳು.

"ಒರೆಸಿದ್ರೂ ಉಪಯೋಗಿಲ್ಲ ಬಿಡಿ" ಎಂದ ಆವಲಪ್ಪ. "ನೀರು ಏರಿದಂಗೆಲ್ಲ ಅಮ್ಮ ಮುಳುಗಬಾರ್ದು ಅಂತ ನಾವೇ ಎತ್ತಿ ಮೇಲಕ್ಕೆ ನಿಲ್ಲಿಸ್ತೀವಿ. ಇಳಿದ್ರೆ ಕೆಳಕ್ಕೆ. ಯಾವಾಗ್ ನೋಡಿ, ಅಮ್ಮಂಗೆ ಸೊಂಟದ ಮಟ್ಟಕ್ಕೇ ನೀರು."

ಅನಂತರಾಮಯ್ಯನಿಗೆ ಕಾಯಂ ಕಾಗದ ಹೊಳೆಯಲ್ಲಿ ತೇಲಿಹೋಗುತ್ತಿರುವಂತೆ ಕಂಡಿತು. ಸುಳ್ಳಂಕಿ ಬರೆಯಬಹುದಿತ್ತು. ಬರೆದರೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಕೊನೆಗೆ ಕೇಳಿದ: "ಮೊದಲು ಈ ಕಲ್ಲು ಎಲ್ಲಿತ್ತು?"

"ಅದೋ ಆ ಮತ್ತಿಮರದ ಎದುರಿಗೆ. ಅಡಿಚಪ್ಪಡಿ ಇನ್ನೂ ಅಲ್ಲೇ ಐತೆ, ಕಾಲಿಗೆ ಸಿಗ್ತದೆ."

ಅಳೆಯಬೇಕಾದದ್ದು ಆ ಚಪ್ಪಡಿಯಿಂದಲೇ. ಆವಲಪ್ಪನ ಗಳುವಿನಿಂದ ಅಳೆಯೋಣವೆಂದರೆ ಅದು ಸೊಟ್ಟ. ಕೊಪ್ಪರಿಗೆ ಮತ್ತಿಮರದ ಎದುರಿಗೆ ಬಂದಾಗ ಅನಂತರಾಮಯ್ಯ ಜನಿವಾರ ಕಿವಿಗೆ ಸುತ್ತಿ, ಅದು ಈ ಸಂದರ್ಭಕ್ಕಲ್ಲ ಎಂದು ಮತ್ತೆ ಬಿಚ್ಚಿ, ಅಂಗಿ ಕಳಚಿ, ಕೊಪ್ಪರಿಗೆಯ ಅಂಚು ಹಿಡಿದುಕೊಂಡು ನೀರಿಗೆ ಇಳಿದ. ಕಾಲಿಗೆ ಚಪ್ಪಡಿ ತಾಗಿತು. ನೀರು ಕುತ್ತಿಗೆಯವರೆಗೆ ಬಂತು.

"ಬೆರಳ ಮ್ಯಾಲೆ ನಿಂತಿದೀರಾ?" ಎಂದ ಆವಲಪ್ಪ.

"ಇಲ್ಲ... ಇರಿ, ನೋಡ್ತೀನಿ. ಇಲ್ಲ, ಹಿಮ್ಮಡಿ ಊರಿದೀನಿ."

"ಉಸಿರು ಬಿಗೀಬೇಡಿ, ಎತ್ತರ ಆಗ್ತೀರಿ."

ಮುನಿಗಂಗಮ್ಮ ಗಂಡನಿಗೆ ಹೇಳಿ ಕೊಪ್ಪರಿಗೆಯನ್ನು ಅಮ್ಮನ ಹತ್ತಿರ ತೇಲಿಸಿಕೊಂಡು ಹೋಗಿ, ಬೆರಳಿಗೆ ಎಣ್ಣೆಕುಂಕುಮ ಹಚ್ಚಿಕೊಂಡು ಬಂದು, ನೀರು ಮುಟ್ಟಿದ ಜಾಗಕ್ಕೆ ಸರಿಯಾಗಿ ಅವನ ಗಂಟಲ ಮೇಲೆ ಒಂದು ಗೆರೆ ಎಳೆದಳು. "ಅಳಿಸ್ಬೇಡಿ, ಅಮ್ಮನ ಪ್ರಸಾದ" ಎಂದಳು. ಅಲ್ಲಿಯತನಕ ಅವನು ಅಲುಗಾಡದೆ, ಹಿಡಿಯಲು ಅಂಚೂ ಇಲ್ಲದೆ, ಕಣ್ಣು ಮುಚ್ಚಿ ನಿಂತಿದ್ದ.

ಬಸ್ಸಿನಲ್ಲಿ ಅವನು ಗೆರೆ ಅಳಿಸೀತೆಂದು ಗಲ್ಲ ಎತ್ತಿಕೊಂಡೇ ಕುಳಿತ. "ಕತ್ತಿನಾಗೆ ಕುರು ಎದ್ದೈತಾ ಸ್ವಾಮಿ?" ಎಂದು ಕಂಡಕ್ಟರು ಮರುಗಿದ. ಕಚೇರಿಯಲ್ಲಿ ಪುಟ್ಟಸ್ವಾಮಯ್ಯನವರು ಅವನನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ಟೇಪು ಹಿಡಿದರು. ನಾಲ್ಕಡಿ ನಾಲ್ಕೂವರೆ ಅಂಗುಲ. ಷರಾ ಕಾಲಂನಲ್ಲಿ ಅನಂತರಾಮಯ್ಯ ನಡೆದದ್ದೆಲ್ಲವನ್ನೂ ಒಂದೂ ಬಿಡದೆ ಬರೆದ, ಹಿಮ್ಮಡಿಯ ಸಂಗತಿಯನ್ನೂ ಸೇರಿಸಿ.

ಸೋಮವಾರ ಎಂಜಿನಿಯರು ಷರಾ ಓದಿದರು. ಕನ್ನಡಕ ತೆಗೆದು ಅವನ ಗಂಟಲು ನೋಡಿದರು. ಇನ್ನೊಮ್ಮೆ ಓದಿದರು.

"ಪ್ರತಿ ತಿಂಗಳೂ ಅಳತೆ ಬೇಕು" ಎಂದರು ಕೊನೆಗೆ. "ಒಂದೊಂದು ತಿಂಗಳು ಒಂದೊಂದು ಸಾಧನ ಇಟ್ಟರೆ ಅಂಕಿಗಳು ಒಂದಕ್ಕೊಂದು ತಾಳೆಯಾಗೋದಿಲ್ಲ. ಈತನನ್ನ ಈಗ ಬಿಡೋ ಹಾಗಿಲ್ಲ." ರುಜು ಹಾಕಿದರು.

ಅವರ ಜೀಪು ಹೊರಟ ಮೇಲೆ ಅನಂತರಾಮಯ್ಯ ಕಾಗದ ಹಿಡಿದು ನಿಂತೇ ಕೇಳಿದ:

"ಸಾರ್, ವಯಸ್ಸಾದ ಹಾಗೆ ಮನುಷ್ಯ ಕುಗ್ತಾನಂತೆ. ಆಗ ಅಳತೆ ತಪ್ಪಾಗಲ್ವೇ?"

"ಆಗ ಮಳೆ ಜಾಸ್ತಿ ಆಯ್ತು ಅಂತ ಬರೆಯೋಣ" ಎಂದರು ಪುಟ್ಟಸ್ವಾಮಯ್ಯನವರು. "ಈಗ ಕೂತ್ಕೊಳ್ರಿ."