ಅಕ್ಕನ ಗಂಟಲಿಗೆ ಕಳ್ಳನ ಪಟ್ಟ

ಹತ್ತು ಗಂಟೆಗೆ ಇನ್ನೂ ಹದಿನೆಂಟು ನಿಮಿಷವಿತ್ತು, ನನ್ನ ಕೈ ಸುಮ್ಮನಿರಲಿಲ್ಲ. ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ರೇಡಿಯೋ ರಿಪೇರಿ ಮಾಡುವವನು. ಚಿಕ್ಕಂದಿನಲ್ಲಿ ಗೋಡೆ ಗಡಿಯಾರ, ಇಸ್ತ್ರಿಪೆಟ್ಟಿಗೆ, ಕೊನೆಗೆ ಅಪ್ಪನ ಕನ್ನಡಕವನ್ನೂ ಬಿಚ್ಚಿ ಹರವಿದ್ದಕ್ಕೆ ಅಕ್ಕ ನನಗೆ ‘ಸ್ಕ್ರೂ’ ಎಂದು ಹೆಸರಿಟ್ಟಳು. ಅವಳು ಇಪ್ಪತ್ತಾರು ವರ್ಷದಿಂದ ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಅವಳು ಹೇಳಿದ ಮೇಲೇ ಜನ ಗಂಟುಮೂಟೆ ಎತ್ತುತ್ತಿದ್ದದ್ದು. ಎಂಟು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಆಗಿ ಅವಳ ದನಿ ಪೂರ್ತಿ ಹೋಯಿತು.

ಹೋಗುತ್ತದೆಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಹಾಗಾಗಿ ಆಪರೇಷನ್ನಿಗೆ ಮೊದಲು ಮೂರು ದಿನ, ನನ್ನ ಅಂಗಡಿಯ ಬಾಗಿಲಿಗೆ ಕಂಬಳಿ ನೇತುಹಾಕಿ, ಅವಳ ದನಿಯನ್ನು ತುಣುಕು ತುಣುಕಾಗಿ ರೆಕಾರ್ಡ್ ಮಾಡಿಕೊಂಡೆವು. ಅಂಕಿಗಳು, ಮಾರ್ಗಗಳು, ‘ತಡವಾಗಿ ಬರಲಿದೆ’, ‘ದಯವಿಟ್ಟು ಗಮನಿಸಿ’, ಎಲ್ಲ ಸೇರಿ ನಾನೂರ ಹನ್ನೆರಡು ತುಣುಕು. ಆಮೇಲೆ ಪುಸ್ತಕ ನೋಡಿಕೊಂಡು ಕಲಿತು ನಾನೇ ಒಂದು ಪ್ರೋಗ್ರಾಂ ಬರೆದೆ. ಅಕ್ಕ ಎರಡು ಮೂರು ಕೀ ಒತ್ತಿದರೆ ಸಾಕು, ತುಣುಕುಗಳು ಸಾಲಾಗಿ ಸೇರಿ ಅವಳ ದನಿಯಲ್ಲೇ ಘೋಷಣೆ ಹೊರಡುತ್ತಿತ್ತು. ಐದು ತಿಂಗಳಿಂದ ನಿಲ್ದಾಣ ನಡೆಯುತ್ತಿದ್ದದ್ದು ಅದರಿಂದಲೇ.

ಅಷ್ಟರಲ್ಲಿ ಕೇಂದ್ರ ಕಚೇರಿಯವರು ಎಲ್ಲ ನಿಲ್ದಾಣಗಳಿಗೂ ಒಂದೇ ರೆಡಿಮೇಡ್ ಯಂತ್ರದ ದನಿ ತರಿಸಿದರು. ನಮ್ಮ ಮ್ಯಾನೇಜರ್ ಕಾಡಿಬೇಡಿ ಒಂದು ಅವಕಾಶ ಗಿಟ್ಟಿಸಿದ್ದರು. ಈ ದಿನ ಹತ್ತರಿಂದ ಹನ್ನೊಂದರವರೆಗೆ ಕೇಂದ್ರ ಕಚೇರಿಯ ಇಂಜಿನಿಯರ್ ಮೇಡಂ ಎದುರು ಒಂದೂ ಘೋಷಣೆ ತಪ್ಪಬಾರದು. ತಪ್ಪದಿದ್ದರೆ ಅಕ್ಕನ ದನಿ ಉಳಿಯುತ್ತದೆ. ತಪ್ಪಿದರೆ ಸೋಮವಾರದಿಂದ ಯಂತ್ರ, ಅಕ್ಕ ಲಗೇಜ್ ಕೋಣೆಗೆ.

ಎಲ್ಲವೂ ಸರಿಯಾಗಿತ್ತು. ನನಗೆ ಮಾತ್ರ ‘ಆರನೇ’ ಮತ್ತು ‘ಪ್ಲಾಟ್‌ಫಾರಂ’ ನಡುವಿನ ಬಿಡುವು ಒಂಚೂರು ಜಾಸ್ತಿ ಅನ್ನಿಸಿತು. ಅಕ್ಕ ನೀರು ಕುಡಿಯಲು ಹೋದಾಗ ಆ ಕಂಪ್ಯೂಟರಿನಲ್ಲೇ ಒಂದು ಅಂಕಿ ಬದಲಿಸಿ, ಹೊಸ ಪ್ರೋಗ್ರಾಂ ಮಾಡಿ ಹಳೆಯದರ ಮೇಲೇ ಹಾಕಿದೆ.

ಪರದೆಯ ತುಂಬ ಕೆಂಪು ಪೆಟ್ಟಿಗೆ ಎದ್ದು ನಿಂತಿತು. ‘ಅಪಾಯ! ಕೀಬೋರ್ಡ್ ಒತ್ತುವುದನ್ನು ಕದ್ದು ನೋಡುವ ಪ್ರೋಗ್ರಾಂ ಪತ್ತೆಯಾಗಿದೆ. ತೆಗೆದುಹಾಕಲಾಗಿದೆ.’

ಕೀ ಒತ್ತುವುದನ್ನು ನೋಡದೆ ಇನ್ನೇನು ಮಾಡಬೇಕು? ಅದರ ಕೆಲಸವೇ ಅದು! ಮೊದಲ ಸಲ ಹಾಕಿದಾಗಲೂ ಆಂಟಿವೈರಸ್ ಹೀಗೇ ರಂಪ ಮಾಡಿತ್ತು. ಆಗ ಇದೇ ಮೇಡಂ ಪರೀಕ್ಷಿಸಿ, ಆ ಒಂದು ಪ್ರತಿಯನ್ನು ಮಾತ್ರ ಬಿಡುವಂತೆ ಅದಕ್ಕೆ ತಾಕೀತು ಮಾಡಿದ್ದರು. ಒಂದಕ್ಷರ ಬದಲಾದರೂ ಅದರ ಕಣ್ಣಿಗೆ ಹೊಸ ಕಳ್ಳ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೈಯಾಡಿಸಿದೆ.

ಹಳೆಯ ಅಂಕಿಯನ್ನೇ ಹಾಕಿ ಮತ್ತೆ ಮಾಡಿದೆ. ಮತ್ತೆ ಮಾಡಿದ ಪ್ರತಿಯೂ ಅದಕ್ಕೆ ಹೊಸದೇ. ನುಂಗಿತು. ಹೆಸರು ಬದಲಿಸಿದೆ. ಅದನ್ನೂ ನುಂಗಿತು. ಮನೆಯಲ್ಲಿ ಕೂತು ಬರೆದದ್ದೆಲ್ಲ ಕಳ್ಳಮಾಲು ಎಂದು ಇದಕ್ಕೆ ಹೇಳಿಕೊಟ್ಟವರ್ಯಾರು ಎಂದು ಮೈಯೆಲ್ಲ ಉರಿಯಿತು. ಅಕ್ಕನ ಗಂಟಲಿಗೇ ಕಳ್ಳನ ಪಟ್ಟ ಕಟ್ಟಿತ್ತು ಆ ದರಿದ್ರದ್ದು!

ಬೆನ್ನ ಹಿಂದೆ ಲೋಟ ಇಟ್ಟ ಸದ್ದಾಯಿತು. ಅಕ್ಕ ಕೆಂಪು ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. ಕೊರಳಿಗೆ ನೇತುಹಾಕಿಕೊಂಡಿದ್ದ ಪುಟ್ಟ ಸ್ಲೇಟಿನಲ್ಲಿ ಬರೆದಳು: ‘ಮುಟ್ಟಿದೆಯಾ?’

ನಾನು ತಲೆ ತಗ್ಗಿಸಿದೆ.

ಅದೇ ಹೊತ್ತಿಗೆ ಮೇಡಂ ಮತ್ತು ಮ್ಯಾನೇಜರ್ ಒಳಗೆ ಬಂದರು.

“ಮೇಡಂ, ನೀವೇ ಒಂದ್ಸಲ ಅನುಮತಿ ಕೊಟ್ಟುಬಿಡಿ, ಎರಡೇ ನಿಮಿಷದ ಕೆಲಸ,” ಎಂದು ಗೋಗರೆದೆ.

“ಪರೀಕ್ಷೆ ಮಾಡೋಕೆ ಬಂದವಳು ನಾನು. ನಾನೇ ಕೈ ಹಾಕಿ ಸರಿ ಮಾಡಿದ್ರೆ ಅದೆಂಥ ಪರೀಕ್ಷೆ?” ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ, ಸಡಿಲವೂ ಇರಲಿಲ್ಲ. “ಗಂಟೆ ಹತ್ತಾಯ್ತು.”

ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕುಳಿತರು. ಕಿಟಕಿಯಾಚೆ ಬಂದರಿನ ಕಡೆಗೆ ಹೋಗುವ ಜನ ಮೈಯೆಲ್ಲ ಕಿವಿಯಾಗಿ ನಿಂತಿದ್ದರು.

ಅಕ್ಕ ನನ್ನ ಕುರ್ಚಿಯನ್ನು ಕಾಲಿನಿಂದ ಆಚೆ ನೂಕಿ, ನಿಂತುಕೊಂಡೇ ಮೌಸ್ ಹಿಡಿದಳು. ತುಣುಕುಗಳ ಫೋಲ್ಡರ್ ತೆರೆದಳು. ಆಗ ಹೊಳೆಯಿತು ನನಗೆ. ಆಂಟಿವೈರಸ್ ನುಂಗಿದ್ದು ಪ್ರೋಗ್ರಾಮನ್ನು ಮಾತ್ರ, ದನಿಯನ್ನಲ್ಲ! ನಾನೂರ ಹನ್ನೆರಡೂ ಅಲ್ಲೇ ಇದ್ದವು. ಹಾಡು ಹಾಕುವ ಸಾದಾ ಪ್ಲೇಯರ್ ಪಕ್ಕದಲ್ಲಿಟ್ಟುಕೊಂಡು ಅಕ್ಕ ಒಂದೊಂದನ್ನೇ ಅದರೊಳಗೆ ಎಳೆದು ಹಾಕತೊಡಗಿದಳು. ಏಳು, ನೂರ ಎರಡು, ಮೂವತ್ತೊಂದು. ಯಾವ ಅಂಕಿಯಲ್ಲಿ ಯಾವ ಮಾತಿದೆಯೆಂದು ಅವಳಿಗೆ ಬಾಯಿಪಾಠ.

“ದಯವಿಟ್ಟು ಗಮನಿಸಿ. ಬಂದರಿನ ಕಡೆಗೆ ಹೊರಡುವ ಬಸ್ಸು, ಆರನೇ, ಪ್ಲಾಟ್‌ಫಾರಂಗೆ ಬರಲಿದೆ.”

ಹೊರಗೆ ಜನ ಚೀಲ ಎತ್ತಿಕೊಂಡರು. ನಾನು ಕುಣಿದಾಡುವುದೊಂದು ಬಾಕಿ!

“ವೇಳಾಪಟ್ಟಿ ಓದೋ,” ಎಂದರು ಮ್ಯಾನೇಜರ್.

ನಾನು ಓದುತ್ತ ಹೋದೆ, ಅಕ್ಕ ಪೋಣಿಸುತ್ತ ಹೋದಳು. ಒಂದು ಘೋಷಣೆ ಮೊಳಗುತ್ತಿರುವಾಗಲೇ ಮುಂದಿನದು ಸಾಲಿನಲ್ಲಿ ಸಿದ್ಧವಾಗುತ್ತಿತ್ತು. ಎರಡು ಸಲ ನಾನು ಸಹಾಯಕ್ಕೆಂದು ಮೌಸಿಗೆ ಕೈ ಚಾಚಿದೆ, ಎರಡು ಸಲವೂ ಕೈಮೇಲೆ ಪಟಾರೆಂದು ಬಿತ್ತು.

ಹತ್ತೂ ನಲವತ್ತಕ್ಕೆ ಫೋನ್ ಬಂತು. ಆರನೇ ಪ್ಲಾಟ್‌ಫಾರಂನಲ್ಲಿ ಹಳೇ ಸೇತುವೆ ಮಾರ್ಗದ ಬಸ್ಸಿನ ಚಕ್ರ ಪಂಕ್ಚರ್, ಒಂಬತ್ತರಲ್ಲಿ ಬೇರೆ ಬಸ್ಸು ನಿಂತಿದೆ, ಮೂರು ನಿಮಿಷದಲ್ಲಿ ಹೊರಡುತ್ತದೆ. ಇಂಥದ್ದಕ್ಕೆ ನನ್ನ ಪ್ರೋಗ್ರಾಮಿನಲ್ಲಿ ಕೀಯೇ ಇರಲಿಲ್ಲ! ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಅವಳ ಬೆರಳು ಫೋಲ್ಡರಿನ ಉದ್ದಗಲಕ್ಕೂ ಓಡಿತು.

“ದಯವಿಟ್ಟು ಗಮನಿಸಿ. ಹಳೇ ಸೇತುವೆ ಮಾರ್ಗದ ಬಸ್ಸು, ಆರನೇ, ಪ್ಲಾಟ್‌ಫಾರಂನಲ್ಲಿ, ಇರುವುದಿಲ್ಲ. ಒಂಬತ್ತನೇ, ಪ್ಲಾಟ್‌ಫಾರಂಗೆ, ಬೇಗ ಬನ್ನಿ.”

ಆರರಲ್ಲಿದ್ದವರು ಒಂಬತ್ತರತ್ತ ಎದ್ದುಬಿದ್ದು ಓಡಿದರು. ಮಗುವನ್ನು ಸೊಂಟಕ್ಕೇರಿಸಿದ ಹೆಂಗಸೊಬ್ಬಳು ಕೊನೆಯವಳಾಗಿ ಹತ್ತಿದಳು. ಬಸ್ಸು ಹೊರಟಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿ, ಮೇಡಂ ಮುಖ ನೋಡಿ, ಕೈ ಜೇಬಿಗೆ ಹಾಕಿಕೊಂಡರು.

ಹನ್ನೊಂದಾಯಿತು. ಹತ್ತೊಂಬತ್ತು ಘೋಷಣೆ, ಒಂದೂ ತಪ್ಪಿರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

“ದನಿ ಉಳೀಲಿ,” ಎಂದರು.

ಅಕ್ಕ ಆಗಷ್ಟೇ ಕುರ್ಚಿಯಲ್ಲಿ ಕುಳಿತಳು. ನನಗೆ ಕೂಗಿಬಿಡೋಣ ಅನ್ನಿಸುವಷ್ಟು ಖುಷಿ.

“ನಿಮ್ಮ ಪ್ರೋಗ್ರಾಂ ಕಳ್ಳ ಅಲ್ಲ ಅಂತ ನನಗೆ ಐದು ತಿಂಗಳ ಹಿಂದೇನೇ ಗೊತ್ತು,” ಎಂದು ಮೇಡಂ ನನ್ನತ್ತ ತಿರುಗಿದರು. “ಇವತ್ತು ಏನು ಬದಲಾಯಿಸಿದ್ರಿ?”

“ಬಿಡುವು, ಮೇಡಂ. ಕಾಲು ಸೆಕೆಂಡು ಕಮ್ಮಿ ಮಾಡ್ದೆ.”

“ಕಾಲು ಸೆಕೆಂಡಾ?” ಅವರಿಗೆ ನಗು ತಡೆಯಲಾಗಲಿಲ್ಲ. “ಈ ಪ್ರತಿಗೂ ಅನುಮತಿ ಕೊಡ್ತೀನಿ. ಆದ್ರೆ ಇನ್ಮೇಲೆ ಮುಟ್ಟಕೂಡದು.”

“ದೇವರಾಣೆ ಮುಟ್ಟಲ್ಲ ಮೇಡಂ.”

ಅಕ್ಕ ತಲೆಯಲ್ಲಾಡಿಸಿದಳು. ಇವನ ಆಣೆ ಎಷ್ಟು ನೋಡಿಲ್ಲ ಎಂಬ ಹಾಗೆ. ಮತ್ತೆ ಮೌಸ್ ಹಿಡಿದು ಫೋಲ್ಡರಿನ ತಳಕ್ಕೆ ಹೋದಳು. ನಾನೂರ ಹನ್ನೆರಡಕ್ಕೆ ಮುಗಿಯಬೇಕಿತ್ತು. ಕೆಳಗೆ ಇನ್ನೊಂದಿತ್ತು, ನಾನೂರ ಹದಿಮೂರು.

ನನ್ನ ಪ್ರೋಗ್ರಾಂ ಅದನ್ನು ಯಾವತ್ತೂ ಕರೆದಿರಲಿಲ್ಲ, ಹಾಗಾಗಿ ನಾನು ಕಂಡೇ ಇರಲಿಲ್ಲ. ಮೂರನೆಯ ದಿನ ಸಂಜೆ ನಾನು ಟೀ ತರಲು ಹೋಗಿದ್ದಾಗ ಒಬ್ಬಳೇ ರೆಕಾರ್ಡ್ ಮಾಡಿಟ್ಟಿದ್ದಳಂತೆ, ಆಮೇಲೆ ಸ್ಲೇಟಿನಲ್ಲಿ ಬರೆದು ಹೇಳಿದಳು. ಮೈಕಿನ ಸ್ವಿಚ್ಚು ಇನ್ನೂ ಆನ್ ಇತ್ತು. ಅಕ್ಕ ಅದನ್ನೊಮ್ಮೆ ನೋಡಿದಳು, ಆದರೂ ಒತ್ತಿದಳು.

“ಲೋ ಸ್ಕ್ರೂ! ಚೆನ್ನಾಗೇ ಇದೆಯಲ್ಲೋ, ಕೈ ತೆಗಿ ಅಲ್ಲಿಂದ!”

ಇಡೀ ನಿಲ್ದಾಣ ತಲೆಯೆತ್ತಿ ಧ್ವನಿವರ್ಧಕ ನೋಡಿತು. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಐದು ತಿಂಗಳಿಂದ ನಾನು ದಿನವೂ ಕೇಳುತ್ತಿದ್ದದ್ದು ನಿಲ್ದಾಣದ ದನಿ. ಇದು ಮನೆಯ ದನಿ, ಅಡುಗೆಮನೆಯಿಂದ ಕೂಗಿ ಬೈಯುವ ದನಿ. ಅದು ಇನ್ನಿಲ್ಲವೆಂದೇ ನಾನು ನಂಬಿದ್ದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಮರೆಮಾಚಲೂ ಹೋಗಲಿಲ್ಲ.

“ಇನ್ನೊಂದ್ಸಲ ಹಾಕೇ ಅಕ್ಕ,” ಎಂದೆ.